ಉಣ್ಣೆಯಲ್ಲಿ ಅಳಿಲು: ಫೆಲ್ಟಿಂಗ್ ಸೂಜಿಯಿಂದ ಪ್ರಾಣಿ ಮಾಡುವ ಕ್ರಮ

ಫೆಲ್ಟಿಂಗ್ ಸೂಜಿ (ಉಣ್ಣೆಯ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಗಟ್ಟಿ ಮಾಡುವ ಸೂಜಿ) ಹಿಡಿದು ಉಣ್ಣೆಯ ಪ್ರಾಣಿ ಮಾಡಲು ಹೊರಟವರ ಮೊದಲ ಗೊಂಬೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮೈ ಮೆತ್ತಗಿರುತ್ತದೆ. ಕಣ್ಣು, ಮೂಗು, ಗೆರೆ ಎಲ್ಲ ಸರಿಯಾಗಿ ಕೂತಂತೆ ಕಂಡರೂ ಒಳಗಿನ ಉಣ್ಣೆ ಸಡಿಲವಾಗಿದ್ದರೆ ಕುತ್ತಿಗೆ ವಾಲುತ್ತದೆ, ಕಾಲು ಕಳಚಿ ಬರುತ್ತದೆ, ಚೂಪಾಗಿದ್ದ ಮೂತಿ ಕೆಲವೇ ದಿನಗಳಲ್ಲಿ ಉಬ್ಬಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಚಂದದ ಮಾತಿಗಿಂತ ಗಟ್ಟಿತನದ ಮಾತೇ ಹೆಚ್ಚು ಬರುತ್ತದೆ. ಗಟ್ಟಿಯಾದ ಮೈ ಮೇಲೆ ಸಾಧಾರಣ ಕೈಯೂ ಒಳ್ಳೆಯ ಮುಖ ಕೂರಿಸಬಲ್ಲದು. ಮೆತ್ತನೆಯ ಮೈ ಮೇಲೆ ಪಳಗಿದ ಕೈಗೂ ಅದು ಆಗದು.

ಕಲಿಯಲು ಆರಿಸಿಕೊಂಡಿರುವುದು ನಮ್ಮ ಅಂಗಳದ ಮೂರು ಗೆರೆಯ ಅಳಿಲು. ಹಿಂಗಾಲ ಮೇಲೆ ಕೂತು ಮುಂಗಾಲನ್ನು ಎದೆಗೆ ಹಿಡಿದ ಭಂಗಿ, ಬಾಲ ಬಿಟ್ಟು ಎತ್ತರ ಸುಮಾರು 8 ಸೆಂ.ಮೀ. ಹೊಸಬರಿಗೆ ಇದು ಹೇಳಿ ಮಾಡಿಸಿದ ಪ್ರಾಣಿ. ತಲೆ ಹೆಚ್ಚುಕಡಿಮೆ ಮೈಗೇ ಅಂಟಿಕೊಂಡಿರುತ್ತದೆ, ಕಾಲುಗಳು ಮೋಟು, ಭಾರವೆಲ್ಲ ಕೆಳಗಿರುವುದರಿಂದ ತಾನಾಗಿ ನಿಲ್ಲುತ್ತದೆ. ಜಿಂಕೆ, ಕುದುರೆ, ಕೊಕ್ಕರೆಯಂಥ ತೆಳುಗಾಲಿನವಕ್ಕೆ ಒಳಗೆ ತಂತಿಯ ಹಂದರ ಬೇಕು. ಅವನ್ನು ಆಮೇಲೆ ನೋಡಿಕೊಳ್ಳಬಹುದು. ಹೊಸ ಕೈಗೆ ಈ ಅಳಿಲು ಮುಗಿಯಲು ಎಂಟರಿಂದ ಹತ್ತು ತಾಸು ಹಿಡಿಯುತ್ತದೆ. ಎರಡು ಮೂರು ದಿನಕ್ಕೆ ಹಂಚಿಕೊಂಡರೆ ಮಣಿಕಟ್ಟು ನೋಯುವುದಿಲ್ಲ.

ಸೂಜಿ ಮಾಡುವ ಕೆಲಸ

ಈ ಸೂಜಿಗೆ ದಾರ ಪೋಣಿಸುವ ಕಣ್ಣಿಲ್ಲ. ಮೂರು ಅಥವಾ ನಾಲ್ಕು ಅಂಚಿರುವ ಉಕ್ಕಿನ ಕಡ್ಡಿ. ಆ ಅಂಚುಗಳಲ್ಲಿ ತುದಿಯಿಂದ ಕೆಲವು ಮಿ.ಮೀ. ಮೇಲಿನಿಂದ ಶುರುವಾಗಿ ಕೆಳಮುಖದ ಸಣ್ಣ ಕಚ್ಚುಗಳಿರುತ್ತವೆ. ಸೂಜಿ ಒಳಗೆ ಹೋಗುವಾಗ ಈ ಕಚ್ಚುಗಳು ಹೊರಗಿನ ಎಳೆಗಳನ್ನು ಹಿಡಿದು ಒಳಕ್ಕೆ ಒಯ್ಯುತ್ತವೆ, ಹೊರಬರುವಾಗ ಅಲ್ಲೇ ಬಿಟ್ಟು ಬರುತ್ತವೆ. ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮ ಹುರುಪೆಗಳಿರುವುದರಿಂದ ಒಳಹೋದ ಎಳೆ ಅಕ್ಕಪಕ್ಕದವನ್ನು ಕಚ್ಚಿಕೊಂಡು ನಿಲ್ಲುತ್ತದೆ. ನೂರಾರು ಸಲ ಹೀಗಾದಾಗ ಎಳೆಗಳೆಲ್ಲ ಒಂದಕ್ಕೊಂದು ಸಿಕ್ಕುಬಿದ್ದು ಮುದ್ದೆ ಗಟ್ಟಿಯಾಗುತ್ತದೆ. ಅಂಟು ಬೇಡ, ನೀರು ಬೇಡ, ಹೊಲಿಗೆಯೂ ಬೇಡ.

ಸೂಜಿ ಹುಟ್ಟಿದ್ದು ಕಾರ್ಖಾನೆಗಾಗಿ. ನೇಯದೆ ಬಟ್ಟೆ ಮಾಡುವ ಯಂತ್ರಗಳಲ್ಲಿ ಇಂಥ ಸಾವಿರಾರು ಸೂಜಿ ಕೂರಿಸಿದ ಹಲಗೆ ಮೇಲೆ ಕೆಳಗೆ ಓಡಾಡುತ್ತದೆ. ಅವನ್ನು ಬಿಡಿಯಾಗಿ ಕೈಯಲ್ಲಿ ಹಿಡಿದು ಕೆಲಸ ಮಾಡುವ ಕ್ರಮ 1980ರ ದಶಕದಲ್ಲಿ ಅಮೆರಿಕದ ಎಲೀನರ್ ಮತ್ತು ಡೇವಿಡ್ ಸ್ಟ್ಯಾನ್‌ವುಡ್ ದಂಪತಿಯಿಂದ ಹರಡಿತು. ಸೂಜಿಯ ಮೇಲ್ತುದಿ ಬಾಗಿರುವುದು ಯಂತ್ರದ ಹಲಗೆಯಲ್ಲಿ ಸಿಕ್ಕಿ ನಿಲ್ಲಲಿಕ್ಕೆ. ಕೈಕೆಲಸದಲ್ಲಿ ಆ ಬಾಗು ಹಿಡಿತಕ್ಕೆ ಆಸರೆಯಾಗುತ್ತದೆ.

ಕಚ್ಚುಗಳ ಈ ಕೆಲಸ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಸೂಜಿ ಎಷ್ಟು ಆಳ ಹೋಗುತ್ತದೋ ಅಷ್ಟು ಆಳದವರೆಗೆ ಮಾತ್ರ ಉಣ್ಣೆ ಗಟ್ಟಿಯಾಗುತ್ತದೆ. ಯಾವ ದಿಕ್ಕಿಗೆ ಚುಚ್ಚುತ್ತೀರೋ ಆ ದಿಕ್ಕಿಗೇ ಉಣ್ಣೆ ಸರಿಯುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ ಅಲ್ಲಿ ಗುಳಿ ಬೀಳುತ್ತದೆ, ಅಂದರೆ ಕಣ್ಣಿನ ಗುಳಿ ಮಾಡುವುದೂ ಹೀಗೇ, ಮೈ ಹಾಳಾಗುವುದೂ ಹೀಗೇ. ಇನ್ನೊಂದು: ಒಳಗೆ ಹೋದ ಕೋನದಲ್ಲೇ ಸೂಜಿ ಹೊರಬರಬೇಕು. ಒಳಗಿರುವಾಗ ಪಕ್ಕಕ್ಕೆ ಎಳೆದರೆ, ಉಣ್ಣೆಯನ್ನು ಅದರಿಂದ ಎತ್ತಲು ನೋಡಿದರೆ ತುದಿ ಮುರಿಯುತ್ತದೆ. ಈ ಉಕ್ಕು ಗಡಸು. ಬಳುಕುವುದು ಕಡಿಮೆ, ಪಟ್ಟನೆ ತುಂಡಾಗುತ್ತದೆ.

ಉಣ್ಣೆ ಯಾವುದು, ಎಲ್ಲಿಂದ

ಕರಕುಶಲ ಅಂಗಡಿಯಲ್ಲಿ ‘ವೂಲ್’ ಎಂದು ಮಾರುವ ಹೆಣಿಗೆ ನೂಲು ಬಹುಮಟ್ಟಿಗೆ ಅಕ್ರಿಲಿಕ್. ಅದು ಇಲ್ಲಿ ಉಪಯೋಗಕ್ಕೆ ಬಾರದು. ಅನುಮಾನವಿದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನೇ ಆರಿ, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಒಳಗೆ ಹಾಕಿ ಮೇಲೆ ಉಣ್ಣೆ ಹೊದಿಸುವವರಿದ್ದಾರೆ. ಅದರ ನಯವಾದ ಎಳೆ ಹಿಡಿತಕ್ಕೆ ಸಿಗದೆ ಜಾರುವುದರಿಂದ ಎಷ್ಟು ಚುಚ್ಚಿದರೂ ಮೈ ಸ್ಪಂಜಿನಂತೆ ಹಿಂದೆ ಚಿಮ್ಮುತ್ತದೆ. ಉಳಿಸಿದ ಹಣಕ್ಕಿಂತ ಕಳೆದ ಸಮಯ ಹೆಚ್ಚು.

ಉಣ್ಣೆಯಲ್ಲೂ ಎರಡು ಬಗೆ ತಯಾರಿಯಿದೆ. ಬಾಚಿ ಎಳೆಗಳನ್ನೆಲ್ಲ ಒಂದೇ ದಿಕ್ಕಿಗೆ ಮಲಗಿಸಿದ ಉದ್ದನೆಯ ಹಂಜಿ ಒಂದು. ಎಳೆಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಇರುವಂತೆ ಹಿಂಜಿ ಹಾಳೆ ಮಾಡಿದ್ದು ಇನ್ನೊಂದು. ಮೈ ಕಟ್ಟಲು ಹಿಂಜಿದ ಹಾಳೆಯೇ ಮೇಲು, ಎಳೆಗಳು ಆಗಲೇ ಅಡ್ಡಡ್ಡ ಇರುವುದರಿಂದ ಬೇಗ ಸಿಕ್ಕುಬೀಳುತ್ತವೆ. ಉದ್ದನೆಯ ಹಂಜಿ ಬಾಲದ ಕೂದಲಿಗೆ ಬೇಕು. ಹಂಜಿಯಷ್ಟೇ ಸಿಕ್ಕರೆ ಅದನ್ನು 4–5 ಸೆಂ.ಮೀ. ತುಂಡಾಗಿ ಕೈಯಿಂದ ಎಳೆದು (ಕತ್ತರಿ ಹಾಕಬೇಡಿ), ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ಮತ್ತೆ ಎಳೆದು ಹಿಂಜಿಕೊಳ್ಳಿ.

ಹೆಸರು ಕೇಳಿ ಮೆರಿನೋ ಕುರಿಯ ಉಣ್ಣೆ ಕೊಳ್ಳುವವರೇ ಹೆಚ್ಚು. ಪ್ರಾಣಿಯ ಮೈಗೆ ಅದು ತಕ್ಕದ್ದಲ್ಲ. 18ರಿಂದ 23 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪದ ಆ ನಯವಾದ ಎಳೆ ಸಾಬೂನು ನೀರಿನ ಫೆಲ್ಟಿಂಗ್‌ಗೆ ಚೆನ್ನ. ಸೂಜಿಗೆ ಮಾತ್ರ ನಿಧಾನವಾಗಿ ಒಗ್ಗುತ್ತದೆ, ಪ್ರತಿ ಚುಚ್ಚಿನ ತೂತೂ ಮೇಲೆ ಕಾಣುತ್ತದೆ. 25ರಿಂದ 30 ಮೈಕ್ರಾನಿನ ಕಾರಿಡೇಲ್ ಕುರಿಯದರಂಥ ಮಧ್ಯಮ ಉಣ್ಣೆ ಒಳಗೂ ಹೊರಗೂ ಸಲ್ಲುತ್ತದೆ.

ಕರ್ನಾಟಕದಲ್ಲಿರುವವರಿಗೆ ಇನ್ನೊಂದು ದಾರಿಯಿದೆ: ಕಂಬಳಿಯ ಉಣ್ಣೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಂಥ ಕಂಬಳಿ ನೇಯುವ ಕಡೆಗಳಲ್ಲಿ ದಖನಿ ಕುರಿಯ ಕಪ್ಪು, ಬೂದು ಉಣ್ಣೆ ಸಿಗುತ್ತದೆ. ಒರಟು, ಕೂದಲು ಬೆರೆತದ್ದು, ಹೊರಮೈಗೆ ಹಾಕಿದರೆ ಮೂತಿಯೆಲ್ಲ ಮುಳ್ಳೆದ್ದಂತೆ ಕಾಣುತ್ತದೆ. ಆದರೆ ಒಳಮೈಗೆ ಇದಕ್ಕಿಂತ ಅಗ್ಗದ, ಬೇಗ ಗಟ್ಟಿಯಾಗುವ ಸಾಮಗ್ರಿ ಹುಡುಕುವುದು ಕಷ್ಟ. ಎರಡು ಎಚ್ಚರ ಬೇಕು. ಕಪ್ಪು ಒಳಮೈ ತಿಳಿಬಣ್ಣದ ಹೊದಿಕೆಯಿಂದ ಇಣುಕುತ್ತದೆ, ಆದ್ದರಿಂದ ಹೊಟ್ಟೆಯ ಬಿಳಿಗೆ ಎರಡು ಪದರ ಹಾಕಬೇಕು. ಎರಡನೆಯದು, ಕತ್ತರಿಸಿ ತಂದ ಉಣ್ಣೆಯಲ್ಲಿ ಜಿಡ್ಡು, ಮಣ್ಣು, ಮುಳ್ಳು, ಹಿಕ್ಕೆ ಎಲ್ಲ ಇರುತ್ತದೆ. ಕೈ ಸುಡುವಷ್ಟು ಬಿಸಿ ನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ಉಣ್ಣೆಯನ್ನು ಮುಳುಗಿಸಿ 20 ನಿಮಿಷ ಬಿಡಿ. ಹಿಂಡಬೇಡಿ, ಕಲಕಬೇಡಿ, ಕಲಕಿದರೆ ಅಲ್ಲೇ ಮುದ್ದೆಯಾಗುತ್ತದೆ. ತಿಳಿಯಾಗುವವರೆಗೆ ನೀರು ಬದಲಿಸಿ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಬಿಸಿ ಇರಲಿ. ನೆರಳಲ್ಲಿ ಒಣಗಿಸಿ, ಕೈಯಿಂದ ಹಿಂಜಿ, ಉಳಿದ ಕಸ ಉದುರಿಸಿ. ನೇಯಲು ಗಂಜಿ ಹಾಕಿದ ನೂಲು ಕೊಟ್ಟರೆ ಬೇಡವೆನ್ನಿ. ಕಂಬಳಿಯ ಹಾಸುನೂಲಿಗೆ (ಮಗ್ಗದ ಉದ್ದೆಳೆಗಳಿಗೆ) ಹುಣಸೆಬೀಜದ ಗಂಜಿ ಹಚ್ಚುತ್ತಾರೆ, ಅದು ಒಣಗಿದ ಮೇಲೆ ಸೂಜಿ ಸಲೀಸಾಗಿ ಹೋಗುವುದಿಲ್ಲ.

ಈ ಅಳಿಲಿಗೆ ಬೇಕಾದ ಅಳತೆ: ಒಳಮೈಗೆ 12 ಗ್ರಾಂ, ಬೆನ್ನಿನ ಬೂದುಕಂದು 4 ಗ್ರಾಂ, ಗಾಢ ಕಂದು 1.5 ಗ್ರಾಂ, ಕೆನೆಬಿಳಿ 2 ಗ್ರಾಂ, ಬಾಲಕ್ಕೆ ಕಪ್ಪು ಬಿಳಿ ಸೇರಿ 2 ಗ್ರಾಂ, ಮೂಗಿಗೆ ಒಂದು ಚಿಟಿಕೆ ಮಾಸಲು ಗುಲಾಬಿ. ಕಾಲು ಗ್ರಾಂವರೆಗೆ ತೋರಿಸುವ ಪುಟ್ಟ ತೂಕದ ಯಂತ್ರ ಇದ್ದರೆ ಎಡಗಾಲು ಬಲಗಾಲು ಒಂದೇ ಗಾತ್ರ ಬರುತ್ತವೆ. ಇಲ್ಲದಿದ್ದರೆ ಉಣ್ಣೆಯನ್ನು ಮೊದಲೇ ಎರಡು ಸಮಪಾಲು ಮಾಡಿ ಪಕ್ಕಪಕ್ಕ ಇಟ್ಟುಕೊಂಡು ಶುರುಮಾಡಿ.

ಸೂಜಿ ಮತ್ತು ಮಣೆ

ಸೂಜಿಯ ಗೇಜ್ ಅಂಕಿ ಹೆಚ್ಚಿದಷ್ಟೂ ಸೂಜಿ ತೆಳು. 36 ಆಕಾರ ಕಟ್ಟಲು, 38 ನಡುವಿನ ಎಲ್ಲ ಕೆಲಸಕ್ಕೆ, 40 ಹೊರಮೈ ನಯ ಮಾಡಲು. ಒಂದೇ ಕೊಳ್ಳುವುದಾದರೆ 38. ಮುರಿಯುವುದು ಖಂಡಿತ, ಆದ್ದರಿಂದ ಪ್ರತಿಯೊಂದರಲ್ಲೂ ಮೂರಾದರೂ ಇರಲಿ. ಕಣ್ಣಳತೆಯಲ್ಲಿ ಇವುಗಳ ವ್ಯತ್ಯಾಸ ತಿಳಿಯುವುದಿಲ್ಲ. ತಂದ ದಿನವೇ ಮೇಲ್ತುದಿಗೆ ಗೇಜಿಗೊಂದರಂತೆ ಉಗುರುಬಣ್ಣ ಹಚ್ಚಿಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇವು ಬೇಗ ತುಕ್ಕು ಹಿಡಿಯುತ್ತವೆ. ತುಕ್ಕಿನ ಸೂಜಿ ಉಣ್ಣೆಯನ್ನು ಹರಿಯುತ್ತದೆ, ಬಿಳಿ ಉಣ್ಣೆಗೆ ಕಲೆ ಬಿಡುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಔಷಧಿ ಬಾಟಲಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಚೀಲದ ಜೊತೆ ಇಡಿ.

ಚುಚ್ಚುವಾಗ ಮಣೆಯಾಗಿ ಕೆಳಗೆ ಹಾಸಲು 5 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಸಾಕು. ಪಾತ್ರೆ ತೊಳೆಯುವ ಸ್ಪಂಜು ಒಂದೇ ದಿನದಲ್ಲಿ ಚೂರಾಗುತ್ತದೆ. ಥರ್ಮಕೋಲ್ ಬೇಡವೇ ಬೇಡ, ಅದರ ಕಾಳುಗಳು ಉಣ್ಣೆಗೆ ಸೇರಿದರೆ ಹೊರತೆಗೆಯಲಾಗದು. ಫೋಮ್‌ಗಿಂತ ಬಾಳಿಕೆ ಬರುವುದು ಗೋಣಿಬಟ್ಟೆಯ ಪುಟ್ಟ ಚೀಲ: 20 ಸೆಂ.ಮೀ. ಚೌಕ ಹೊಲಿದು, ಒಂದು ಕಿಲೋದಷ್ಟು ಅಕ್ಕಿ ತುಂಬಿ, ಬಾಯಿ ಹೊಲಿದುಬಿಡಿ. ಸೂಜಿ ಕಾಳುಗಳ ನಡುವೆ ಜಾರಿಹೋಗುತ್ತದೆ. ಬಿಳಿ ಉಣ್ಣೆಯ ಕೆಲಸಕ್ಕೆ ಮೇಲೊಂದು ಹತ್ತಿಬಟ್ಟೆ ಹಾಕದಿದ್ದರೆ ಗೋಣಿಯ ನಾರು ಅಂಟುತ್ತದೆ. ಇದಲ್ಲದೆ ಒಂದು ಜೊತೆ ಚರ್ಮದ ಬೆರಳ ಕವಚ, ಚೂಪು ಕತ್ತರಿ, ಬಿದಿರಿನ ಕಡ್ಡಿ, ಗುಂಡುಪಿನ್ನು, 12 ಸೆಂ.ಮೀ. ಪೈಪ್ ಕ್ಲೀನರ್ (ನವಿರು ಸುತ್ತಿದ ಬಗ್ಗುವ ತಂತಿ), 4 ಮಿ.ಮೀ.ಯ ಎರಡು ಕಪ್ಪು ಮಣಿ, ಕಪ್ಪು ದಾರ ಮತ್ತು ಉದ್ದನೆಯ ಹೊಲಿಗೆ ಸೂಜಿ ಬೇಕು.

ಬಣ್ಣ ಬೆರೆಸಲು ನಾಯಿಯ ಕೂದಲು ಬಾಚುವ ತಂತಿ ಬ್ರಷ್ ಒಂದು ಜೊತೆ ತರಿಸಿ. ಅಳಿಲಿನ ಬೆನ್ನಿಗೆ ಎರಡು ಪಾಲು ಕಂದು, ಒಂದು ಪಾಲು ಬೂದು, ಕಾಲು ಪಾಲು ಸಾಸಿವೆ ಹಳದಿ ಒಂದರ ಮೇಲೊಂದು ಹರಡಿ ನಾಲ್ಕೈದು ಸಲ ಎಳೆಯಿರಿ, ಅಲ್ಲಿಗೇ ಬಿಡಿ. ಪೂರ್ತಿ ಬೆರೆತರೆ ಬಣ್ಣ ಸತ್ತುಹೋಗುತ್ತದೆ. ಎಳೆಗಳು ಅಲ್ಲಲ್ಲಿ ಬೇರೆಯಾಗಿ ಕಾಣುವಂತಿದ್ದರೇ ನಿಜವಾದ ತುಪ್ಪಟ ಅನ್ನಿಸುವುದು.

ಮೊದಲು ಒಂದು ಚೆಂಡು

ಅಳಿಲಿಗೆ ಕೈ ಹಾಕುವ ಮೊದಲು 5 ಗ್ರಾಂ ಉಣ್ಣೆಯಲ್ಲಿ 4 ಸೆಂ.ಮೀ.ಗಿಂತ ದೊಡ್ಡದಲ್ಲದ ಒಂದು ಚೆಂಡು ಮಾಡಿ. ಇದನ್ನು ಹಾರಿಸಿ ನೇರ ಪ್ರಾಣಿಗೆ ಹೋದವರು ಕೊನೆಗೆ ಚೆಂಡಿಗೇ ಹಿಂದಿರುಗಬೇಕಾಗುತ್ತದೆ.

ಉಣ್ಣೆಯ ಪಟ್ಟಿಯ ಒಂದು ತುದಿಯನ್ನು ಬಿಗಿಯಾಗಿ ಗಂಟಿನಂತೆ ಮಡಚಿ, ಬದಿಗಳನ್ನು ಒಳಗೆ ಸೇರಿಸುತ್ತ, ಎಷ್ಟು ಬಿಗಿಯಾಗುತ್ತದೋ ಅಷ್ಟು ಬಿಗಿಯಾಗಿ ಸುತ್ತಿ. ಎರಡು ಸುತ್ತಿಗೊಮ್ಮೆ ನಿಲ್ಲಿಸಿ 36ರ ಸೂಜಿಯಿಂದ ನಡುವಿನವರೆಗೆ ಮುಟ್ಟುವಂತೆ 20–30 ಸಲ ಚುಚ್ಚಿ, ಮತ್ತೆ ಸುತ್ತಿ. ಪೂರ್ತಿ ಸುತ್ತಿದ ಮೇಲೆ ಒಟ್ಟಿಗೆ ಚುಚ್ಚುತ್ತೇನೆ ಎಂದುಕೊಂಡರೆ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಹತ್ತಿಯಂಥ ಹೂರಣ ಆಗುತ್ತದೆ. ಆಮೇಲೆ ಅದನ್ನು ಸರಿಪಡಿಸುವುದು ತುಂಬ ಕಷ್ಟ, ಏಕೆಂದರೆ ಗಟ್ಟಿ ಸಿಪ್ಪೆ ದಾಟುವಷ್ಟರಲ್ಲೇ ಕಚ್ಚುಗಳಲ್ಲಿ ಎಳೆ ತುಂಬಿಕೊಂಡಿರುತ್ತದೆ.

ಹತ್ತು ಹನ್ನೆರಡು ಚುಚ್ಚಿಗೊಮ್ಮೆ ಚೆಂಡನ್ನು ಎತ್ತಿ ತಿರುಗಿಸಿ. ತಿರುಗಿಸದಿದ್ದರೆ ಕೆಳಭಾಗ ಮಣೆಗೆ ಅಂಟಿಕೊಳ್ಳುತ್ತದೆ, ಚೆಂಡು ಚಪ್ಪಟೆಯಾಗುತ್ತದೆ. ವೇಗ ಬೇಡ. ಕಣ್ಣು ಸದಾ ಸೂಜಿಯ ತುದಿಯ ಮೇಲೇ ಇರಲಿ, ಟಿವಿ ನೋಡುತ್ತ ಮಾಡುವ ಕೆಲಸ ಇದಲ್ಲ. ಮುಗಿಯಿತೇ ಎಂದು ತಿಳಿಯಲು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನೋಡಿ: ದೋರೆ ಸೀಬೆಕಾಯಿ ಒತ್ತಿದಂತೆ, ತುಸು ಬಗ್ಗಿ ಕೂಡಲೇ ನಿಲ್ಲಬೇಕು. ಬೆರಳು ಒಳಗಿಳಿದರೆ ಇನ್ನೂ ಚುಚ್ಚಬೇಕು. ಸೂಜಿ ಒಳಹೋಗುವಾಗಿನ ಸಣ್ಣ ಕರಕರ ಸದ್ದು ಗಟ್ಟಿಯಾದಂತೆ ಬದಲಾಗುವುದನ್ನು ಕಿವಿಯೂ ಬೇಗ ಕಲಿಯುತ್ತದೆ.

ಮೈ, ತಲೆ, ತೊಡೆ

ಅಳಿಲಿನ ಪಕ್ಕದಿಂದ ತೆಗೆದ ಚಿತ್ರವೊಂದನ್ನು ಮಾಡಬೇಕಾದ ಗಾತ್ರದಲ್ಲೇ ಮುದ್ರಿಸಿಕೊಳ್ಳಿ. ಕೆಲಸದುದ್ದಕ್ಕೂ ಭಾಗಗಳನ್ನು ಅದರ ಮೇಲಿಟ್ಟು ನೋಡಬೇಕು. ಅಂದಾಜಿನ ಕಣ್ಣು ತಲೆಯನ್ನು ಯಾವಾಗಲೂ ದೊಡ್ಡದು ಮಾಡುತ್ತದೆ. ವಿದೇಶದ ಕೆಂದಳಿಲಿನ ಚಿತ್ರ ಬಳಸಬೇಡಿ, ಅದರ ಕಿವಿಯ ಮೇಲೆ ಕೂದಲ ಕುಚ್ಚಿರುತ್ತದೆ, ನಮ್ಮದಕ್ಕಿಲ್ಲ.

ಮೈಗೆ 8 ಗ್ರಾಂ ತೆಗೆದುಕೊಂಡು ಚೆಂಡಿನಂತೆಯೇ ಶುರುಮಾಡಿ, ಆದರೆ ಬದಿಗಳನ್ನು ಪೂರ್ತಿ ಒಳಮಡಚದೆ ಉದ್ದಕ್ಕೆ ಬಿಡಿ. ಮುಗಿದಾಗ 5.5 ಸೆಂ.ಮೀ. ಎತ್ತರ, ಬುಡದಲ್ಲಿ 4 ಸೆಂ.ಮೀ. ಅಗಲ ಇರುವ ಮೊಟ್ಟೆಯಾಕಾರ ಬರಬೇಕು. ಕೈಯಲ್ಲಿ ಸುತ್ತಿದಾಗಿನ ಗಾತ್ರ ಇದರ ಒಂದೂವರೆ ಪಟ್ಟು ಇದ್ದರೆ ಚುಚ್ಚಿದ ಮೇಲೆ ಲೆಕ್ಕಕ್ಕೆ ಬರುತ್ತದೆ. ಬೆನ್ನನ್ನು ತುಸು ಬಾಗಿಸಲು ಹೊಟ್ಟೆಯ ಕಡೆಯಿಂದ ಹೆಚ್ಚು ಚುಚ್ಚಿ. ಹೆಚ್ಚು ಚುಚ್ಚಿದ ಕಡೆ ಕುಗ್ಗುತ್ತದೆ, ಮೈ ಆ ಕಡೆಗೆ ಬಾಗುತ್ತದೆ. ಬುಡವನ್ನು ಚಪ್ಪಟೆ ಮಾಡಿ ಮೇಜಿನ ಮೇಲೆ ನಿಲ್ಲಿಸಿ ನೋಡಿ. ಈಗ ನಿಲ್ಲದ್ದು ಬಾಲ ಬಂದ ಮೇಲೆ ಖಂಡಿತ ಬೀಳುತ್ತದೆ.

ತಲೆಗೆ 2 ಗ್ರಾಂ. 3 ಸೆಂ.ಮೀ. ಉದ್ದ, ಹಿಂದೆ 2.5 ಸೆಂ.ಮೀ. ದಪ್ಪ, ಮುಂದೆ ಮೂತಿಯ ಕಡೆ ಕಿರಿದು. ಮೂತಿಯನ್ನು ಚಿವುಟಿ ಚೂಪು ಮಾಡಲಾಗದು. ಸುತ್ತಲೂ ಮೂಗಿನಿಂದ ಕೆನ್ನೆಯ ಕಡೆಗೆ ಓರೆಯಾಗಿ ಚುಚ್ಚುತ್ತ ಬಂದರೆ ಉಣ್ಣೆ ಹಿಂದೆ ಸರಿದು ಮೂತಿ ತಾನೇ ಕಿರಿದಾಗುತ್ತದೆ. ಕುತ್ತಿಗೆಗೆ ಸೇರುವ ಹಿಂಭಾಗದಲ್ಲಿ ಮಾತ್ರ 1.5 ಸೆಂ.ಮೀ. ಉದ್ದದ ಸಡಿಲ ಎಳೆಗಳನ್ನು ಚುಚ್ಚದೆ ಉಳಿಸಿ. ಯಾವ ಭಾಗವನ್ನೇ ಮೈಗೆ ಸೇರಿಸುವಾಗಲೂ ಈ ಸಡಿಲ ಅಂಚೇ ಬೇರು. ಎರಡು ಗಟ್ಟಿ ಮೈಗಳನ್ನು ತಂದು ಅಂಟಿಸಿದರೆ ಎಷ್ಟು ಚುಚ್ಚಿದರೂ ಕಿತ್ತುಬರುತ್ತವೆ, ಯಾಕೆಂದರೆ ಹಿಡಿದು ದಾಟಿಸಲು ಬಿಡಿ ಎಳೆಯೇ ಇರುವುದಿಲ್ಲ.

ತಲೆಯನ್ನು ಮೈ ಮೇಲಿಟ್ಟು ಸಡಿಲ ಎಳೆಗಳನ್ನು ಭುಜದ ಸುತ್ತ ಹರಡಿ. 36ರ ಸೂಜಿಯಿಂದ 45 ಡಿಗ್ರಿ ಓರೆಯಲ್ಲಿ, ಆಳವಾಗಿ, ತಲೆಯಿಂದ ಮೈಗೆ ಮತ್ತು ಮೈಯಿಂದ ತಲೆಗೆ ಎರಡೂ ಕಡೆ ಚುಚ್ಚುತ್ತ ಸುತ್ತು ಬನ್ನಿ. ತಲೆ ಹಿಡಿದು ಹಿಂದಕ್ಕೆ ಬಾಗಿಸಿದಾಗ ಗಂಟಲಲ್ಲಿ ಸೀಳು ಬಾಯ್ಬಿಟ್ಟರೆ ಸಾಲದು, ಮತ್ತೊಂದು ಸುತ್ತು. ಕುತ್ತಿಗೆಯ ತಗ್ಗಿಗೆ ತೆಳ್ಳಗೆ ಉಣ್ಣೆ ಸುತ್ತಿ ತುಂಬಿ. ಕೂತ ಅಳಿಲಿಗೆ ಕುತ್ತಿಗೆ ಕಾಣಲೇಬಾರದು.

ತೊಡೆಗೆ ಅರ್ಧರ್ಧ ಗ್ರಾಂ. 2.5 ಸೆಂ.ಮೀ. ಅಗಲದ, ನಡುವೆ ಒಂದು ಸೆಂ.ಮೀ. ದಪ್ಪದ ಬಿಲ್ಲೆಗಳು, ಅಂಚು ಸಡಿಲ. ಮೈಯ ಎರಡೂ ಬದಿಗೆ ಕೆಳಗೆ ಗುಂಡುಪಿನ್ನಿನಿಂದ ನಿಲ್ಲಿಸಿ, ಮುಂದಿನಿಂದಲೂ ಮೇಲಿನಿಂದಲೂ ನೋಡಿ ಸಮ ಮಾಡಿಕೊಂಡು, ಆಮೇಲೆ ಚುಚ್ಚಿ. ಪಾದ 2 ಸೆಂ.ಮೀ., ಮುಂಗಾಲು 3 ಸೆಂ.ಮೀ. ಉದ್ದ, 6 ಮಿ.ಮೀ. ದಪ್ಪ. ಇಷ್ಟು ಸಣ್ಣದ್ದನ್ನು ಬೆರಳಲ್ಲಿ ಹಿಡಿದು ಚುಚ್ಚಿದರೆ ರಕ್ತ ಬರುವುದು ನಿಶ್ಚಿತ. ಉಣ್ಣೆಯ ತೆಳುಪಟ್ಟಿಯನ್ನು ಬಿದಿರುಕಡ್ಡಿಗೆ ಬಿಗಿಯಾಗಿ ಸುತ್ತಿ, ಕಡ್ಡಿಯನ್ನು ತಿರುಗಿಸುತ್ತ 38ರಿಂದ ಚುಚ್ಚಿ, ಆಕಾರ ನಿಂತಮೇಲೆ ಕಡ್ಡಿಯಿಂದ ಜಾರಿಸಿ ತೆಗೆದು ಇನ್ನಷ್ಟು ಗಟ್ಟಿ ಮಾಡಿ. ಎರಡು ಕಾಲನ್ನೂ ಒಟ್ಟಿಗೆ, ಇದಕ್ಕಿಷ್ಟು ಅದಕ್ಕಿಷ್ಟು ಎಂದು ಚುಚ್ಚುತ್ತ ಹೋದರೆ ಜೋಡಿ ಕೂಡುತ್ತದೆ.

ಬಣ್ಣ ಹೊದಿಸುವ ಮೊದಲೇ ಕಣ್ಣಿನ ಗುಳಿ ಮಾಡಬೇಕು. ಅಳಿಲಿನ ಕಣ್ಣು ಎದುರಿಗಿಲ್ಲ, ತಲೆಯ ಎರಡು ಬದಿಗಿದೆ. ಮೂಗಿನ ತುದಿಗೂ ತಲೆಯ ಹಿಂಬದಿಗೂ ಹೆಚ್ಚುಕಡಿಮೆ ನಡುವೆ, ಅರ್ಧಕ್ಕಿಂತ ತುಸು ಮೇಲೆ. ಕಪ್ಪು ತಲೆಯ ಗುಂಡುಪಿನ್ನು ಚುಚ್ಚಿ ದೂರದಿಂದ ನೋಡಿ, ಒಪ್ಪಿಗೆಯಾದ ಮೇಲೆ ಆ ಜಾಗದಲ್ಲಿ 38ರಿಂದ ಮತ್ತೆ ಮತ್ತೆ ಚುಚ್ಚಿ ಮಣಿಯ ಅರ್ಧ ಮುಳುಗುವಷ್ಟು ಗುಳಿ ಮಾಡಿ. ಎದುರಿಗೆ ತಂದ ಕಣ್ಣು ಅಳಿಲನ್ನು ಕರಡಿ ಮಾಡುತ್ತದೆ.

ಹೊರಮೈ ಮತ್ತು ಗೆರೆ

ಬೂದುಕಂದು ಉಣ್ಣೆಯನ್ನು ಹಿಂದಿನ ಬಣ್ಣ ಕಾಣಿಸುವಷ್ಟು ತೆಳ್ಳಗೆ ಹರಡಿ, ಬೆನ್ನು, ಬದಿ, ತಲೆಯ ಮೇಲೆ ಹೊದಿಸಿ, 38ರಿಂದ 5 ಮಿ.ಮೀ.ಯಿಂದ 1 ಸೆಂ.ಮೀ. ಆಳಕ್ಕೆ ಕೂರಿಸಿ. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಯಾವತ್ತೂ ಮೇಲು. ದಪ್ಪ ಪದರ ಒಳಮೈಗೆ ಅಂಟದೆ ಅಂಗಿಯ ಹಾಗೆ ಜಾರುತ್ತದೆ. ಇಲ್ಲಿ ಅತಿ ಆಳ ಚುಚ್ಚಬೇಡಿ. ಒಳಗಿನ ಉಣ್ಣೆ ಇನ್ನೊಂದು ಬದಿಯಲ್ಲಿ ಹೊರಬಿದ್ದು ಬಣ್ಣದ ಮೇಲೆ ಚುಕ್ಕೆಗಳಾಗುತ್ತವೆ. ಹೊಟ್ಟೆ, ಗಂಟಲು, ಮುಂಗಾಲಿನ ಒಳಬದಿಗೆ ಕೆನೆಬಿಳಿ. ಎರಡು ಬಣ್ಣ ಸೇರುವಲ್ಲಿ ಎಳೆಗಳನ್ನು ಒಂದರ ಮೇಲೊಂದು ಬರುವಂತೆ ಹರಡಿದರೆ ಗಡಿ ಮೃದುವಾಗುತ್ತದೆ.

ಗೆರೆಗಳನ್ನು ಗಮನಿಸಿ ಹಾಕಿ, ಈ ಪ್ರಾಣಿಯ ಗುರುತೇ ಅದು. ಬೆನ್ನಿನ ನಡುವಿನ ಬಿಳಿ ಗೆರೆ ತಲೆಯ ಹಿಂದಿನಿಂದ ಬಾಲದ ಬುಡದವರೆಗೆ ಹೋಗುತ್ತದೆ. ಅಕ್ಕಪಕ್ಕದ ಎರಡು ಮುಂಗಾಲಿನಿಂದ ಹಿಂಗಾಲಿನವರೆಗೆ ಮಾತ್ರ. ರಾಮ ಬೆರಳಾಡಿಸಿದ ಕತೆ ಕೇಳಿ ಬೆಳೆದ ನಾವು ಮೂರನ್ನೂ ಒಂದೇ ಉದ್ದಕ್ಕೆ ಎಳೆದುಬಿಡುತ್ತೇವೆ. ಮೊದಲು ಗಾಢ ಕಂದಿನ ಒಂದೇ ಅಗಲ ಪಟ್ಟಿಯನ್ನು ಬೆನ್ನ ಮೇಲೆ ಹಾಸಿ ಕೂರಿಸಿ, ಅದರ ಮೇಲೆ ಬಿಳಿ ಗೆರೆ ಎಳೆಯಿರಿ. ಬಿಳಿಯ ಎಳೆಗಳನ್ನು ಅಂಗೈಯಲ್ಲಿ ಹೊಸೆದು ದಾರದಂತೆ ಮಾಡಿ, ಗುಂಡುಪಿನ್ನಿನಿಂದ ನೇರಕ್ಕೆ ನಿಲ್ಲಿಸಿ, 40ರ ಸೂಜಿಯಿಂದ ಮೊದಲು ಎರಡು ಅಂಚು, ಆಮೇಲೆ ನಡು. ಹೊಸೆಯದ ಎಳೆಯಿಂದ ಹಾಕಿದ ಗೆರೆ ಅಂಚಿನಲ್ಲಿ ಹರಡಿ ಮಸುಕಾಗುತ್ತದೆ.

ಬಾಲ

ಪೈಪ್ ಕ್ಲೀನರ್‌ನ ತುದಿಯನ್ನು ಒಳಗೆ ಮಡಚಿ, ಬುಡದಲ್ಲಿ 2 ಸೆಂ.ಮೀ. ಖಾಲಿ ಬಿಟ್ಟು, ಉಳಿದದ್ದಕ್ಕೆ ಬೂದುಕಂದು ಉಣ್ಣೆಯನ್ನು ತೆಳ್ಳಗೆ ಸುತ್ತಿ. ಚುಚ್ಚುವಾಗ ತಂತಿಗೆ ತಾಗಿದರೆ ಸೂಜಿ ಹೋಯಿತೆಂದೇ ಲೆಕ್ಕ, ಓರೆಯಾಗಿ ತಂತಿಯ ಪಕ್ಕಕ್ಕೆ ಚುಚ್ಚಿ.

ಕೂದಲಿಗೆ ಕಪ್ಪು ಬಿಳಿ ಹಂಜಿಗಳನ್ನು ಬೆರೆಸಿ 4 ಸೆಂ.ಮೀ. ತುಂಡುಗಳಾಗಿ ಎಳೆದುಕೊಳ್ಳಿ. ಬಾಲದ ತುದಿಯಿಂದ ಶುರು. ತೆಳುವಾದ ಒಂದು ಹಿಡಿ ಎಳೆಯನ್ನು ಬಾಲಕ್ಕೆ ಅಡ್ಡವಾಗಿಟ್ಟು, ನಡುವೆ ಸಾಲಾಗಿ ಚುಚ್ಚಿ, ಎರಡೂ ತುದಿಯನ್ನು ಬಾಲದ ತುದಿಯ ಕಡೆಗೆ ಮಡಚಿ, ಮಡಿಕೆಯ ಬುಡಕ್ಕೆ ಇನ್ನಷ್ಟು ಚುಚ್ಚಿ. ಐದು ಮಿ.ಮೀ. ಈಚೆಗೆ ಮುಂದಿನ ಸಾಲು. ಮಡಚದೆ ಒಂದೇ ತುದಿ ಚುಚ್ಚಿ ನಿಲ್ಲಿಸಿದ ಕೂದಲು ಬಾಚಿದ ಕೂಡಲೇ ಉದುರುತ್ತದೆ. ನಾಲ್ಕೂ ಬದಿ ತುಂಬಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರವಾಗಿ ಬಾಚಿ, ಕತ್ತರಿಯನ್ನು ಓರೆ ಹಿಡಿದು ಬುಡದಲ್ಲಿ ಕಿರಿದು, ನಡುವೆ ಅಗಲ, ತುದಿಯಲ್ಲಿ ಕಿರಿದಾಗುವಂತೆ ಕತ್ತರಿಸಿ. ಬಾಲ ಮೈಯಷ್ಟೇ ಉದ್ದವಿದ್ದರೆ ಸರಿ. ಖಾಲಿ ಬಿಟ್ಟ ತಂತಿಗೆ ಬಿಳಿ ಅಂಟು ಸವರಿ, ಮೈಯ ಬುಡದಲ್ಲಿ ಬಿದಿರುಕಡ್ಡಿಯಿಂದ ಮಾಡಿದ ತೂತಿಗೆ ತೂರಿಸಿ, ಸಂದಿಯ ಸುತ್ತ ಉಣ್ಣೆ ಹೊದಿಸಿ ಚುಚ್ಚಿ. ಇಡೀ ಗೊಂಬೆಯಲ್ಲಿ ಅಂಟು ಬೇಕಾಗುವುದು ಇದೊಂದೇ ಕಡೆ.

ಮುಖ

ಕಿವಿ ಚಿಕ್ಕದು, ಮುಕ್ಕೋನದ ಹತ್ತಿರ. ಚಿಟಿಕೆ ಉಣ್ಣೆಯನ್ನು ಮಣೆಯ ಮೇಲೇ ಚಪ್ಪಟೆಯಾಗಿ ಚುಚ್ಚಿ, ಅಂಚುಗಳನ್ನು ಒಳಗೆ ಮಡಚಿ, ಬುಡದ ಎಳೆ ಸಡಿಲ ಬಿಟ್ಟು ತಲೆಗೆ ಸೇರಿಸಿ. ಮಣಿಗಳನ್ನು ಕಪ್ಪು ದಾರದಲ್ಲಿ ಪೋಣಿಸಿ, ಉದ್ದನೆಯ ಹೊಲಿಗೆ ಸೂಜಿಯನ್ನು ಒಂದು ಗುಳಿಯಿಂದ ಇನ್ನೊಂದಕ್ಕೆ ದಾಟಿಸಿ, ಎಳೆದು ಗಂಟು ಹಾಕಿ. ಎಳೆದಷ್ಟೂ ಕಣ್ಣು ಒಳಗೆ ಕೂತು ಮೂತಿ ಸುಧಾರಿಸುತ್ತದೆ. ಕಣ್ಣಿನ ಮೇಲೂ ಕೆಳಗೂ ಹೊಸೆದ ಕೆನೆಬಿಳಿಯ ಎಳೆಯೊಂದನ್ನು ರೆಪ್ಪೆಯಂತೆ ಕೂರಿಸಿದರೆ ನೋಟಕ್ಕೆ ಜೀವ ಬರುತ್ತದೆ. ಮಣಿಗೆ ಸೂಜಿ ತಾಗದಂತೆ ನಿಧಾನ ಮಾಡಿ. ಮೂಗಿಗೆ ಗುಲಾಬಿಯ ಎರಡೇ ಎಳೆ ಸಾಕು.

ಕೊನೆಗೆ 40ರ ಸೂಜಿಯನ್ನು ಬಹಳ ಓರೆಯಾಗಿ ಹಿಡಿದು ಇಡೀ ಮೈ ಮೇಲೆ ಆಳವಿಲ್ಲದೆ ಚುಚ್ಚುತ್ತ ಬನ್ನಿ. ಎದ್ದ ಎಳೆಗಳು ಮಲಗುತ್ತವೆ, ತೂತುಗಳು ಮುಚ್ಚುತ್ತವೆ. ಇನ್ನೂ ನಿಂತಿರುವ ಕೂದಲನ್ನು ಕತ್ತರಿಯಿಂದ ಸವರಿ.

ಕೆಟ್ಟರೆ ಏನು ಮಾಡುವುದು

ಗುಳಿ ಬಿದ್ದಿದ್ದರೆ ಅದೇ ಬಣ್ಣದ ಎಳೆಯನ್ನು ಬೆರಳಲ್ಲಿ ಉಂಡೆ ಮಾಡಿ ತುಂಬಿ. ದಪ್ಪವಾಗಿದ್ದರೆ ಇನ್ನೂ ಚುಚ್ಚಿ, ಕುಗ್ಗುತ್ತದೆ. ಸಪೂರವಾಗಿದ್ದರೆ ಉಣ್ಣೆ ಸೇರಿಸಿ. ಈ ಕೆಲಸದಲ್ಲಿ ತಿದ್ದಲಾಗದ ತಪ್ಪು ತೀರ ಕಡಿಮೆ. ತಲೆ ಪೂರ್ತಿ ಸೊಟ್ಟ ಕೂತಿದ್ದರೂ ಕತ್ತರಿಸಿ ತೆಗೆದು, ಕತ್ತರಿಸಿದ ಮುಖಗಳ ನಡುವೆ ಹಿಂಜಿದ ಉಣ್ಣೆ ಇಟ್ಟು ಮತ್ತೆ ಸೇರಿಸಬಹುದು. ಸೂಜಿ ಒಳಹೋಗಲು ಬಲ ಬೇಕಾಗುತ್ತಿದ್ದರೆ ಅದು ಮೊಂಡಾಗಿರಬಹುದು ಅಥವಾ ಆ ಜಾಗಕ್ಕೆ ಗೇಜ್ ದಪ್ಪವಾಗಿರಬಹುದು. ಒತ್ತಬೇಡಿ, ತೆಳು ಸೂಜಿಗೆ ಬದಲಿಸಿ.

ತುದಿ ಮುರಿದು ಒಳಗೆ ಉಳಿದರೆ ಅದನ್ನು ಹುಡುಕಿ ತೆಗೆಯಲೇಬೇಕು. ಉಕ್ಕಾದ್ದರಿಂದ ಬಲವಾದ ಅಯಸ್ಕಾಂತ ಹಿಡಿದರೆ ಎಲ್ಲಿದೆಯೆಂದು ಅಂದಾಜು ಸಿಗಬಹುದು. ಉಣ್ಣೆಯನ್ನು ಅಲ್ಲಿ ಬಿಡಿಸಿ ಇಕ್ಕುಳದಿಂದ ಎಳೆಯಿರಿ. ಸಿಗದಿದ್ದರೆ ಆ ಗೊಂಬೆಯನ್ನು ಮಗುವಿನ ಕೈಗೆ ಕೊಡಬಾರದು. ಮಣಿಯ ಕಣ್ಣು, ಬಾಲದ ತಂತಿ ಇರುವುದರಿಂದ ಹೇಗೂ ಇದು ಎಳೆಮಕ್ಕಳ ಆಟಿಕೆಯಲ್ಲ. ಅವರಿಗಾಗಿಯೇ ಮಾಡುವುದಾದರೆ ಕಣ್ಣನ್ನು ಕಪ್ಪು ಉಣ್ಣೆಯಲ್ಲೇ ಕೂರಿಸಿ, ಬಾಲಕ್ಕೆ ತಂತಿ ಬಿಟ್ಟುಬಿಡಿ. ಬೆರಳಿಗೆ ಚುಚ್ಚಿಕೊಂಡರೆ ಸಾಬೂನು ನೀರಲ್ಲಿ ತೊಳೆದು ಪಟ್ಟಿ ಹಾಕಿ. ಧನುರ್ವಾಯುವಿನ ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ವೈದ್ಯರನ್ನು ಕೇಳಿ.

ಮಾಡಿಟ್ಟ ಅಳಿಲಿಗೆ ನುಸಿಹುಳದ ಕಾಟ ಇದ್ದೇ ಇರುತ್ತದೆ. ಬಟ್ಟೆ ತಿನ್ನುವ ನುಸಿಯ ಮರಿಗಳಿಗೆ ಕತ್ತಲೆಯಲ್ಲಿ ಅಲುಗಾಡದೆ ಇರುವ ಉಣ್ಣೆಯೆಂದರೆ ಇಷ್ಟ. ಕಪಾಟಿನ ಮೂಲೆಗಿಂತ ಬೆಳಕಿರುವ, ಆಗಾಗ ಕೈ ಸೋಕುವ ಜಾಗವೇ ಕ್ಷೇಮ. ಒಣ ಬೇವಿನಸೊಪ್ಪು ಇಡುವ ವಾಡಿಕೆಯಿದೆ, ಅದೊಂದನ್ನೇ ನಂಬಬೇಡಿ. ಸಣ್ಣ ತೂತು, ಮರಳಿನಂಥ ಕಾಳು, ಜೇಡರಬಲೆಯಂಥ ಎಳೆ ಕಂಡರೆ ಗೊಂಬೆಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಟ್ಟು, ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಟ್ಟು, ಆಮೇಲೆ ಕೊಡವಿ. ಕೆಲಸಕ್ಕೆ ತಂದಿಟ್ಟ ಉಣ್ಣೆಗೂ, ಮುಖ್ಯವಾಗಿ ಕುರಿಮಂದೆಯಿಂದ ನೇರವಾಗಿ ತಂದದ್ದಕ್ಕೆ, ತೊಳೆದು ಪೂರ್ತಿ ಒಣಗಿಸಿದ ಮೇಲೆ ಇದೇ ಉಪಚಾರ ಮಾಡಿ.